ಚಿತ್ರ ನೋಡಿ ಓದಿದ್ದು, ಅಕ್ಷರ ನೋಡಿ ಓದಿದ್ದು



ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ಬಗ್ಗೆ ಒಂದು ಪಾಠದ ಲೇಖನ ಬರೆದುಕೊಡಿ ಎಂದು ಸಂಪಾದಕರು ಮೂರು ತಿಂಗಳಿಂದ ಬೆನ್ನು ಹತ್ತಿದ್ದರು. ನಾನು ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡುವವಳು, ಓದಿ ಪಾಸಾದ ಟೀಚರ್ ಅಲ್ಲ. ಹಾಗಾಗಿ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಈ ನಡುವೆ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆದು ನನ್ನ ಕಣ್ಣು ತೆರೆಯಿತು. ಅದನ್ನೇ ಹೇಳಿಬಿಡುತ್ತೇನೆ. ಪಾಠ ಅದರೊಳಗೇ ಇದೆ.

ನನ್ನ ಮಗಳಿಗೆ ಎಂಟು ವರ್ಷ. ಹುಟ್ಟಿದ್ದು, ಬೆಳೆದದ್ದು ಇಲ್ಲೇ ಒಂಟಾರಿಯೊದಲ್ಲಿ. ಟ್ಯಾಬ್ಲೆಟ್ಟಿನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಪಟಪಟನೆ ಓದುತ್ತಿದ್ದಳು. ದೀಪಾವಳಿ ಕಾರ್ಯಕ್ರಮಕ್ಕೆ ಬಂದವರೆದುರು ಅವಳ ಕೈಲಿ ಓದಿಸಿ ನಾನೂ ನನ್ನ ಯಜಮಾನರೂ ಬೀಗಿದ್ದುಂಟು. ಊರಿನಲ್ಲಿರುವ ನನ್ನ ಅಮ್ಮನಿಗೆ ಎರಡು ವರ್ಷದಿಂದ ಕಿವಿ ಮಂದವಾಗಿದೆ. ಕಿವಿಗೆ ಮೆಷಿನ್ ಹಾಕಿಸಿದ್ದಾಯಿತು, "ಗುಂಯ್ ಅನ್ನುತ್ತೆ" ಎಂದು ತೆಗೆದು ಡಬ್ಬಿಯಲ್ಲಿಟ್ಟಳು. ವಿಡಿಯೊ ಕರೆ ಮಾಡಿದರೆ ಮುಖ ಕಾಣುತ್ತದೆ, ಮಾತು ತಲುಪುವುದಿಲ್ಲ. ಅಜ್ಜಿ, ಮೊಮ್ಮಗಳು ಒಬ್ಬರಿಗೊಬ್ಬರು ಕೈ ಬೀಸಿ ಸುಮ್ಮನಾಗುತ್ತಾರೆ. ಕಡೆಗೆ ಅಮ್ಮ ತನ್ನ ಹಳೆಯ ದಾರಿಯನ್ನೇ ಹಿಡಿದಳು. ಗೆರೆ ಹಾಕಿದ ಹಾಳೆಯ ಮೇಲೆ ಮೊಮ್ಮಗಳಿಗೆ ಪತ್ರ ಬರೆಯುವುದು, ನನ್ನ ತಮ್ಮ ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು, ನಾನು ಓದಿ ಹೇಳುವುದು.

ಒಂದು ದಿನ ಆಫೀಸಿನ ಕೆಲಸ ಕುತ್ತಿಗೆಗೆ ಬಂದಿತ್ತು. "ಇವತ್ತು ನೀನೇ ಓದಿಕೋ ಪುಟ್ಟಿ" ಎಂದು ಫೋನು ಅವಳ ಕೈಗಿಟ್ಟೆ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಓಡಿಬಂದು, "ಅಮ್ಮಾ, ಮಾಮ ಎಲ್ಲಿಗೆ ಬಂದಿದ್ದಾನೆ?" ಎಂದಳು. ನೋಡಿದರೆ ಅಜ್ಜಿ ಬರೆದದ್ದು "ಈ ಸಲ ಮಾವು ಚೆನ್ನಾಗಿ ಬಂದಿದೆ" ಎಂದು. ಮಗಳು "ಮಾವು" ಎಂಬುದನ್ನು "ಮಾಮ" ಎಂದು ಓದಿಕೊಂಡಿದ್ದಳು. ನಗು ತಡೆಯಲಾಗಲಿಲ್ಲ. ಆದರೆ ಕೊನೆಯ ಸಾಲಿಗೆ ಬಂದಾಗ ನಗು ನಿಂತುಹೋಯಿತು. "ನಿನ್ನ ಪ್ರೀತಿಯ ಅಜ್ಜಿ" ಎಂದಿತ್ತು. ಆ ಕಡೆಯ ಪದವನ್ನು ಅವಳು "ಅಜಿಜ" ಎಂದು ಓದಿ, "ಹೂ ಈಸ್ ಅಜಿಜ?" ಎಂದು ನನ್ನ ಮುಖ ನೋಡಿದಳು.

ಆ ರಾತ್ರಿ ಪರೀಕ್ಷೆ ಮಾಡಿದೆ. ಅವಳಿಗೆ ಬಹಳ ಇಷ್ಟವಾದ ಚಿತ್ರಪುಸ್ತಕ ತೆರೆದು, ಚಿತ್ರದ ಮೇಲೆ ಒಂದು ರಟ್ಟು ಅಡ್ಡ ಹಿಡಿದು, ಕೆಳಗಿನ ಸಾಲು ಓದು ಎಂದೆ. ಪಟಪಟ ನಿಂತುಹೋಯಿತು. ನಂತರ ಅವಳು ಕಂಡಿರದ ಹೊಸ ಪುಸ್ತಕ ತೆರೆದು, ಚಿತ್ರ ಬಿಟ್ಟು ತೋರಿಸಿದೆ. ನದಿಯಲ್ಲಿ ಆನೆ ನಿಂತಿತ್ತು. ಕೂಡಲೇ "ಆನೆ ನೀರು ಕುಡಿಯಿತು" ಎಂದಳು. ಅಲ್ಲಿದ್ದದ್ದು "ಆನೆ ಸ್ನಾನಕ್ಕೆ ಹೊರಟಿತು." ಮಗು ಸುಳ್ಳು ಹೇಳುತ್ತಿರಲಿಲ್ಲ. ಅವಳ ಪಾಲಿಗೆ ಓದುವುದೆಂದರೆ ಚಿತ್ರ ನೋಡಿ, ಒಂದೆರಡು ಅಕ್ಷರ ಗುರುತು ಹಿಡಿದು, ಉಳಿದದ್ದನ್ನು ಊಹಿಸುವುದು. ಅದನ್ನು ಕಲಿಸಿದವಳೂ ನಾನೇ.

ನಮ್ಮ ತರಗತಿಯ ಗೋಡೆಯ ಮೇಲಿನ ಅಕ್ಷರಮಾಲೆಯ ಕಾರ್ಡುಗಳನ್ನು ನೆನಪಿಸಿಕೊಳ್ಳಿ. ಇ ಎಂದರೆ ಇಲಿ, ಒ ಎಂದರೆ ಒಂಟೆ. ಕಾರ್ಡು ಎತ್ತಿ ಹಿಡಿದರೆ ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ. ಆದರೆ ಅವರ ಕಣ್ಣು ಎಲ್ಲಿದೆ? ಇಲಿಯ ಮೇಲೆ. ಮೂಲೆಯಲ್ಲಿರುವ ಇ ಅಕ್ಷರದ ಮೇಲಲ್ಲ. ಔಷಧದ ಬಾಟಲಿ ತೋರಿಸಿದಾಗ ಒಬ್ಬ ಹುಡುಗ "ಕೆಚಪ್" ಎಂದ. ಋಷಿಯ ಗಡ್ಡ ಕಂಡು ಇನ್ನೊಬ್ಬಳು "ಸಾಂಟಾ" ಎಂದಳು. ಅವರ ತಪ್ಪೇನಿದೆ, ಚಿತ್ರವನ್ನು ಸರಿಯಾಗಿಯೇ ಓದಿದ್ದಾರೆ.

ಹಾಗೆಂದು ಚಿತ್ರವೇ ಬೇಡ ಎನ್ನುವ ಪಂಥದವಳೂ ನಾನಲ್ಲ. ನಮ್ಮ ಒಂಟಾರಿಯೊದ ಲಂಡನ್ ಊರಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅಲನ್ ಪೈವಿಯೊ ಎಂಬ ಮನಶ್ಶಾಸ್ತ್ರಜ್ಞರಿದ್ದರು. (1948ರಲ್ಲಿ ಮಿಸ್ಟರ್ ಕೆನಡಾ ದೇಹದಾರ್ಢ್ಯ ಸ್ಪರ್ಧೆ ಗೆದ್ದವರು, ಆಮೇಲೆ ಪ್ರೊಫೆಸರ್ ಆದರು!) ಮಾತಿಗೊಂದು, ಚಿತ್ರಕ್ಕೊಂದು ಎಂದು ಮನಸ್ಸಿನಲ್ಲಿ ಎರಡು ದಾರಿಗಳಿವೆ, ಎರಡೂ ದಾರಿಯಲ್ಲಿ ಬಂದದ್ದು ಹೆಚ್ಚು ಕಾಲ ನೆನಪಿರುತ್ತದೆ ಎಂಬುದು ಅವರ ವಾದ. "ಗರಗಸ" ಎಂದರೆ ಏನೆಂದು ಕೆನಡಾದ ಮಗುವಿಗೆ ತಿಳಿಸಲು ಚಿತ್ರಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪದದ ಅರ್ಥಕ್ಕೆ ಚಿತ್ರ ಬೇಕು. ಆದರೆ ಗ, ರ, ಗ, ಸ ಎಂದು ಕಣ್ಣು ಓಡಬೇಕಾದ ಕಡೆ ಗರಗಸದ ಚಿತ್ರ ಕಣ್ಣನ್ನು ಬೇರೆ ಕಡೆಗೆ ಎಳೆಯುತ್ತದೆ. ಈ ಎರಡು ಕೆಲಸಗಳನ್ನು ನಾವು ಕಲಸಿಬಿಟ್ಟಿದ್ದೇವೆ. ಈಗ ನಮ್ಮ ಮನೆಯಲ್ಲಿ ಚಿತ್ರ ಆಮೇಲೆ. ಮೊದಲು ರಟ್ಟು ಅಡ್ಡ, ಸಾಲು ಓದಿದ ಮೇಲೆ ರಟ್ಟು ತೆಗೆದು ಚಿತ್ರ. ಬಹುಮಾನ ಸಿಕ್ಕ ಹಾಗೆ ನೋಡುತ್ತಾಳೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಂತ ಹಂತವಾಗಿ, ಉಚಿತವಾಗಿ ಸಿಗುತ್ತವೆ. ಈ ಆಟಕ್ಕೆ ಅವು ಚೆನ್ನಾಗಿ ಒದಗುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಬೇಸರಿಸಬೇಡಿ. "ನಮ್ಮವನು ವಿಷುವಲ್ ಲರ್ನರ್, ಅವನಿಗೆ ಓದು ಹತ್ತುವುದಿಲ್ಲ, ವಿಡಿಯೊ ತೋರಿಸಿದರೆ ಕಲಿಯುತ್ತಾನೆ" ಎಂದು ಅನೇಕ ತಂದೆತಾಯಿಯರು ಹೇಳುತ್ತಾರೆ. 2008ರಲ್ಲಿ ಹೆರಾಲ್ಡ್ ಪಾಷ್ಲರ್ ಮತ್ತು ಮೂವರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಒಬ್ಬೊಬ್ಬ ಮಗುವಿಗೆ ಅದರದೇ "ಶೈಲಿ"ಯಲ್ಲಿ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎನ್ನಲು ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ. ಓದುವುದಂತೂ ಕಣ್ಣಿನ ಕೆಲಸವೇ. ಆ ಲೆಕ್ಕದಲ್ಲಿ ಎಲ್ಲರ ಮಕ್ಕಳೂ ವಿಷುವಲ್ಲೇ!

ಹಾಗಾದರೆ ಕಣ್ಣಿಗೆ ಏನು ಕಲಿಸಬೇಕು? ನನ್ನ ಉತ್ತರ ಇಷ್ಟೇ: ಅಕ್ಷರದ ಪಕ್ಕದ ಚಿತ್ರವನ್ನಲ್ಲ, ಅಕ್ಷರವನ್ನೇ ಚಿತ್ರದಂತೆ ನೋಡುವುದನ್ನು ಕಲಿಸಬೇಕು.

ಇದು ಹೊಸ ಸಂಶೋಧನೆಯೇನಲ್ಲ. ನಾವು ಚಿಕ್ಕವರಿದ್ದಾಗ ಕಾಗುಣಿತ ಹೇಗೆ ಹೇಳುತ್ತಿದ್ದೆವು? ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ, ಕೊಂಬು ಕು, ಏತ್ವ ಕೆ, ಓತ್ವ ಕೊ. ರಾಗವಾಗಿ ಹೇಳಿ ಹೇಳಿ ಅದರ ಅರ್ಥವನ್ನೇ ಮರೆತಿದ್ದೇವೆ. ತಲೆಕಟ್ಟು ಎಂದರೆ ತಲೆಗೆ ಕಟ್ಟಿದ್ದು, ಇಳಿ ಎಂದರೆ ಕೆಳಗೆ ಇಳಿದದ್ದು, ಕೊಂಬು ಎಂದರೆ ಕೊಂಬೇ. ಶಬ್ದದ ಜೊತೆಗೆ ಆಕಾರಕ್ಕೂ ಹೆಸರಿಟ್ಟು ಹೇಳಿಕೊಟ್ಟವರು ನಮ್ಮ ಹಳೆಯ ಮೇಷ್ಟ್ರುಗಳು. ತರಗತಿಯಲ್ಲಿ ನಾವು "ಕ ಕಾ ಕಿ ಕೀ" ಎಂದು ಶಬ್ದವನ್ನು ಮಾತ್ರ ಉಳಿಸಿಕೊಂಡು, ಕಣ್ಣಿಗೆ ಬೇಕಾದ ಅರ್ಧವನ್ನು ಕೈಬಿಟ್ಟಿದ್ದೆವು. ಈಗ ಮತ್ತೆ ತಂದಿದ್ದೇವೆ. ಆರು ವರ್ಷದ ಮಕ್ಕಳು ಕೊಂಬು ಬಂದಾಗ ಕಿವಿಯ ಪಕ್ಕ ಬೆರಳೆತ್ತಿ ಕೊಂಬು ಮಾಡುತ್ತಾರೆ, ಮರೆಯುವ ಮಾತೇ ಇಲ್ಲ.

ಮಾವು ಮಾಮ ಆದದ್ದು ಹೇಗೆ ಎಂದು ನೋಡೋಣ. ವ ಬರೆದು ಬಲಮಗ್ಗುಲಿಗೆ ಒಂದು ಸಣ್ಣ ಸುರುಳಿ ಅಂಟಿಸಿದರೆ ಮ ಆಯಿತು. ಹಾಗಿದ್ದರೆ ವಕ್ಕೆ ಕೊಂಬು ಕೊಡುವುದು ಹೇಗೆ? ಕು, ಗು, ತು ಬರೆಯುವಾಗ ಕೊಂಬು ಅಕ್ಷರದ ಬಲಮಗ್ಗುಲಿಗೆ ಅಂಟುತ್ತದೆ. ವಕ್ಕೂ ಹಾಗೆಯೇ ಅಂಟಿಸಿದರೆ ಅದು ಮ ಎಂದೇ ಕಾಣುತ್ತದೆ. ಆದ್ದರಿಂದ ವು, ಪು ಇವುಗಳಲ್ಲಿ ಕೊಂಬು ಅಕ್ಷರದ ತಳದಿಂದ ಹೊರಟು ಮೇಲಕ್ಕೆ ಏರುತ್ತದೆ. ನಲವತ್ತು ವರ್ಷ ಕನ್ನಡ ಓದಿದ ನಾನು ಇದನ್ನು ಗಮನಿಸಿದ್ದು ಮಗಳಿಗೆ ವಿವರಿಸಲು ಹೋಗಿ, ಪತ್ರದ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಾಗ! ಕಾಗದದ ಮೇಲೆ ಜೋಳದ ಕಾಳಿನಷ್ಟಿದ್ದ ಅಕ್ಷರ ಪರದೆಯ ಮೇಲೆ ಹೋಳಿಗೆಯಷ್ಟಾಯಿತು. ಬೆರಳಿಟ್ಟು ತಿದ್ದಿಸಿದೆ. ಟ್ಯಾಬ್ಲೆಟ್ಟಿಗೆ ಕೊಟ್ಟ ದುಡ್ಡು ಅವತ್ತು ಸಾರ್ಥಕವಾಯಿತು.

ಇಂಥ ಆಕಾರದ ಬಳಗಗಳನ್ನು ಮಕ್ಕಳಿಂದಲೇ ಹುಡುಕಿಸಿ. ರ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಠ. ಜ, ಟ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ, ಬೋಳುತಲೆಯವು. ಚ ಛ, ಡ ಢ, ದ ಧ, ಪ ಫ, ಬ ಭ ಎಂದು ಜೋಡಿಯಾಗಿ ಬರೆದು, ವ್ಯತ್ಯಾಸ ಹುಡುಕಿ ಎಂದು ಬಿಟ್ಟೆ. "ಎರಡನೆಯದಕ್ಕೆಲ್ಲ ಕೆಳಗೆ ಒಂದು ಸೀಳು ಇದೆ ಆಂಟಿ" ಎಂದು ಒಬ್ಬ ಹುಡುಗ ಕಂಡುಹಿಡಿದ. ಹೊಟ್ಟೆಯಿಂದ ಉಸಿರು ತಳ್ಳಿ ಹೇಳುವ ಅಕ್ಷರಗಳಿಗೆ ಹೊಟ್ಟೆಯ ಕೆಳಗೇ ಗುರುತು! ಮಹಾಪ್ರಾಣ ಎಂಬ ದೊಡ್ಡ ಪದ ಹೇಳಿಕೊಡುವ ಮೊದಲೇ ಅವರಿಗೆ ಮಹಾಪ್ರಾಣ ಗೊತ್ತಾಗಿತ್ತು. (ಖ, ಝ ಮುಂತಾದವು ಈ ಸಾಲಿಗೆ ಸೇರುವುದಿಲ್ಲ, ಅದನ್ನೂ ಅವರೇ ಹುಡುಕಿ ತಕರಾರು ಮಾಡಿದರು.)

ಅ ಆ ಇ ಈ ಕ್ರಮದಲ್ಲೇ ಆರಂಭಿಸಬೇಕೆಂಬ ಹಟವೂ ಬೇಡ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ ಕಲಿ ಪದ್ಧತಿಯ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಂದು ಮೊದಲ ವಾರದಲ್ಲೇ ಪದ ಓದಬಹುದು. ವರ್ಣಮಾಲೆಯ ಕ್ರಮ ಬಾಯಿಪಾಠಕ್ಕೆ ಇರಲಿ, ಅದು ಬಹಳ ಚೆಂದದ ಕ್ರಮ. ಓದಿಗೆ ಈ ದಾರಿ ಹತ್ತಿರ.

ಈಗ "ಅಜಿಜ" ವಿಷಯ. ನನ್ನ ಪ್ರಕಾರ ಹೊರನಾಡಿನ ಮಕ್ಕಳಿಗೆ ಅತಿ ಕಷ್ಟವಾದ ಜಾಗ ಇದೇ. ಇಂಗ್ಲಿಷಿನಲ್ಲಿ ಅಕ್ಷರಗಳು ಸಾಲಾಗಿ ನಿಂತಿರುತ್ತವೆ, ಎಡದಿಂದ ಬಲಕ್ಕೆ ಹೋದರೆ ಸಾಕು. ಕನ್ನಡದಲ್ಲಿ ಕಣ್ಣು ಮೇಲೆ ಕೆಳಗೆ ಹತ್ತಿ ಇಳಿಯಬೇಕು. "ಅಜ್ಜಿ" ಬರೆದಾಗ ಗುಡಿಸು ಮೇಲಿನ ಜ ತಲೆಯ ಮೇಲಿದೆ. ಆದರೆ ಹೇಳುವಾಗ ಕೆಳಗಿನ ಒತ್ತು ಮುಗಿದ ಮೇಲೆ ಆ ಇಕಾರ ಬರಬೇಕು. ಮಗಳು ಕಂಡ ಹಾಗೆಯೇ ಓದಿದ್ದಳು: ಅ, ಜಿ, ಜ. "ಸೂರ್ಯ" ಇನ್ನೂ ತಮಾಷೆ. ಮೊದಲು ಹೇಳಬೇಕಾದ ಅರೆ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ಕುಳಿತಿರುತ್ತದೆ. ನಮಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು, ಅದಕ್ಕೇ ಮಕ್ಕಳ ಕಷ್ಟ ಕಾಣುವುದಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಫೋನಿನ ಕೀಲಿಮಣೆಯಲ್ಲಿ. ಇವತ್ತೇ ಮನೆಯಲ್ಲಿ ಮಾಡಿ ನೋಡಿ. ಕನ್ನಡ ಅಕ್ಷರಗಳಿರುವ ಕೀಲಿಮಣೆ ಹಾಕಿಕೊಳ್ಳಿ. ಅಕ್ಷರದ ಗಾತ್ರ ಆದಷ್ಟು ದೊಡ್ಡದು ಮಾಡಿ. ಮಗುವಿನ ಕೈಲಿ ಒಂದೊಂದೇ ಕೀಲಿ ಒತ್ತಿಸಿ, ಪ್ರತಿಯೊಂದಕ್ಕೂ ನಿಂತು ಪರದೆ ನೋಡಲು ಹೇಳಿ. ಮೊದಲು ಅ. ಆಮೇಲೆ ಜ. ಆಮೇಲೆ ಸ್ವರ ತೆಗೆದು ಅರೆ ಅಕ್ಷರ ಮಾಡುವ ಕೀಲಿ, ಪರದೆಯಲ್ಲಿ ಅಜ್ ಎಂದು ಕಾಣುತ್ತದೆ. ಮತ್ತೆ ಜ ಒತ್ತಿ: ಎರಡನೆಯ ಜ ಥಟ್ಟನೆ ಕೆಳಗಿಳಿದು ಒತ್ತಾಗುತ್ತದೆ, ಅಜ್ಜ ಬಂದ! ಕೊನೆಗೆ ಗುಡಿಸು ಒತ್ತಿ: ಅದು ಕೆಳಗೆ ಹೋಗದೆ ಮೇಲಿನ ಜ ತಲೆಗೆ ಏರುತ್ತದೆ, ಅಜ್ಜ ಹೋಗಿ ಅಜ್ಜಿಯಾದಳು. ಹಾಗೆಯೇ ಸೂ, ರ, ಅರೆ ಮಾಡುವ ಕೀಲಿ, ಯ. ಯ ಒತ್ತಿದ ಕ್ಷಣ ರಕಾರ ಬಲಕ್ಕೆ ಹಾರಿ ಕುಳಿತುಕೊಳ್ಳುವುದನ್ನು ಕಂಡು ನನ್ನ ಮಗಳು ನಾಲ್ಕು ಸಲ ಅಳಿಸಿ ಅಳಿಸಿ ಮತ್ತೆ ಒತ್ತಿದಳು.

ಇದರ ಒಳಗುಟ್ಟು ಏನೆಂದರೆ, ಯುನಿಕೋಡ್ ಪದ್ಧತಿಯಲ್ಲಿ ಕನ್ನಡವನ್ನು ಬಾಯಲ್ಲಿ ಹೇಳುವ ಕ್ರಮದಲ್ಲೇ ಕೂಡಿಡುತ್ತಾರೆ. ಕಣ್ಣಿಗೆ ಕಾಣುವ ಜೋಡಣೆಯನ್ನು ಫಾಂಟು ಆಮೇಲೆ ಮಾಡುತ್ತದೆ. ಬೆರಳು ಹೇಳುವ ಕ್ರಮದಲ್ಲಿ ಒತ್ತುತ್ತದೆ, ಕಣ್ಣು ಬರೆಯುವ ಕ್ರಮವನ್ನು ನೋಡುತ್ತದೆ. ಅಚ್ಚಾದ ಪುಸ್ತಕದಲ್ಲಿ ಒತ್ತಕ್ಷರ ಆಗಲೇ ಕೂತುಬಿಟ್ಟಿರುತ್ತದೆ. ಅದು ಬಂದು ಕೂರುವುದನ್ನು ತೋರಿಸಲು ಪರದೆಗೆ ಮಾತ್ರ ಸಾಧ್ಯ. ಒಂದು ಎಚ್ಚರಿಕೆ: 1998ರಲ್ಲಿ ಬಂದ "ಬರಹ"ದ ಕಾಲದಿಂದ ನಮ್ಮಂಥವರಿಗೆ ಇಂಗ್ಲಿಷ್ ಕೀಲಿಗಳನ್ನು ಕುಟ್ಟಿ ಕನ್ನಡ ತರಿಸುವುದು ರೂಢಿಯಾಗಿದೆ. ಅದು ಕನ್ನಡ ಬಲ್ಲವರಿಗೆ ವರದಾನ, ಕಲಿಯುವವರಿಗಲ್ಲ. ಮೇಲೆ ಇಣುಕುವ ಪದಸೂಚನೆಗಳನ್ನೂ ಆರಿಸಿಬಿಡಿ. ಇಲ್ಲವಾದರೆ ಎರಡು ಅಕ್ಷರ ಒತ್ತಿ ಉಳಿದದ್ದನ್ನು ಫೋನಿನ ಕೈಲೇ ಬರೆಸಿಬಿಡುತ್ತಾರೆ, ಮಕ್ಕಳು ನಮಗಿಂತ ಜಾಣರು.

ಹಾಡಿನ ಮೂಲಕ ಓದಿಸುವುದು ಇನ್ನೊಂದು ಉಪಾಯ. 1996ರಲ್ಲಿ ಬ್ರಿಜ್ ಕೊಠಾರಿಯವರಿಗೆ ಒಂದು ಯೋಚನೆ ಬಂತು. ಸಿನಿಮಾ ಹಾಡಿನ ಕೆಳಗೆ ಅದೇ ಭಾಷೆಯಲ್ಲಿ ಸಾಲುಗಳನ್ನು ತೋರಿಸಿ, ಹಾಡುತ್ತಿರುವ ಪದದ ಬಣ್ಣ ಬದಲಾಗುವಂತೆ ಮಾಡಿದರೆ ಜನ ತಮಗರಿವಿಲ್ಲದೆಯೇ ಓದುತ್ತಾರಲ್ಲವೇ ಎಂದು. 1999ರಲ್ಲಿ ದೂರದರ್ಶನದ ಗುಜರಾತಿ ಚಿತ್ರಗೀತ್ ಕಾರ್ಯಕ್ರಮದಲ್ಲಿ ಅದು ಜಾರಿಗೆ ಬಂತು, ಮುಂದೆ ಹಿಂದಿಯ ಚಿತ್ರಹಾರಕ್ಕೂ ಹೋಯಿತು. ನಮ್ಮ ಮನೆಗಳಲ್ಲೂ ಮಾಡಬಹುದು. ಆದರೆ ಯೂಟ್ಯೂಬಿನಲ್ಲಿ ಸಿಗುವ ಎಷ್ಟೋ ಕನ್ನಡ ಹಾಡುಗಳ ಸಾಲುಗಳು ಇಂಗ್ಲಿಷ್ ಲಿಪಿಯಲ್ಲಿರುತ್ತವೆ. ಅದರಿಂದ ಹಾಡು ಬರುತ್ತದೆ, ಓದು ಬರುವುದಿಲ್ಲ. ಕನ್ನಡ ಲಿಪಿಯಲ್ಲಿರುವುದನ್ನೇ ಹುಡುಕಿ ಹಾಕಿ.

ಕೈಬರಹ ಬೇಕೇ ಎಂದು ಪದೇ ಪದೇ ಕೇಳುತ್ತೀರಿ. ಬೇಕು. 2005ರಲ್ಲಿ ಫ್ರಾನ್ಸಿನ ಸಂಶೋಧಕರು 3ರಿಂದ 5 ವರ್ಷದ ಮಕ್ಕಳ ಎರಡು ಗುಂಪು ಮಾಡಿ, ಒಂದಕ್ಕೆ ಅಕ್ಷರಗಳನ್ನು ಕೈಯಲ್ಲಿ ಬರೆಸಿ, ಇನ್ನೊಂದಕ್ಕೆ ಕೀಲಿ ಒತ್ತಿಸಿ ಕಲಿಸಿದರು. ಆ ಮಕ್ಕಳಲ್ಲಿ ಸ್ವಲ್ಪ ದೊಡ್ಡವರ ಪೈಕಿ, ಕೈಯಲ್ಲಿ ಬರೆದವರೇ ಆಮೇಲೆ ಅಕ್ಷರಗಳನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ತಿದ್ದಿಸುತ್ತಾರಲ್ಲ, ಅದನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಇನ್ನು ಉದ್ದದ ಓದಿಗೆ ಕಾಗದವೇ ವಾಸಿ. ಒಟ್ಟು 1,70,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 54 ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪರದೆಗಿಂತ ಕಾಗದದ ಮೇಲೆ ಓದಿದ್ದೇ ಹೆಚ್ಚು ಅರ್ಥವಾಗಿತ್ತು. ಒತ್ತಕ್ಷರ ಹಿಗ್ಗಿಸಿ ನೋಡಲು ಟ್ಯಾಬ್ಲೆಟ್, ಕಥೆ ಓದಲು ಪುಸ್ತಕ, ನಮ್ಮ ಮನೆಯಲ್ಲಿ ಈಗ ಇದೇ ಏರ್ಪಾಡು.

ಅವಸರವಂತೂ ಬೇಡ. ನಮ್ಮ ವರ್ಣಮಾಲೆಯ ಅಕ್ಷರಗಳು 49. 34 ವ್ಯಂಜನಗಳಿಗೆ 13 ಸ್ವರ ಸೇರಿಸಿದರೆ 442 ರೂಪ, ಒತ್ತಕ್ಷರಗಳನ್ನು ಇನ್ನೂ ಎಣಿಸಿಲ್ಲ. ಇಂಗ್ಲಿಷಿನ 26 ಅಕ್ಷರ ಒಂದು ವರ್ಷದಲ್ಲಿ ಬಂತಲ್ಲ, ಇದೇಕೆ ಬರಲಿಲ್ಲ ಎಂದು ಗದರಬೇಡಿ. ಸೋನಾಲಿ ನಾಗ್ ಅವರು ಕರ್ನಾಟಕದ ಶಾಲಾಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ನಡುವೆಯೇ ಬೆಳೆಯುವ ಮಕ್ಕಳಿಗೂ ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೆಯ ತರಗತಿಯ ತನಕ ಹಿಡಿಯುತ್ತದೆ, ಕೆಲವರಿಗೆ ಅದರಾಚೆಗೂ ಎಂದು ಕಂಡುಬಂದಿದೆ. ವಾರಕ್ಕೆ ಒಂದೂವರೆ ಗಂಟೆ ಸಿಗುವ ನಮ್ಮ ಮಕ್ಕಳ ಮೇಲೆ ಸ್ವಲ್ಪ ಕರುಣೆ ಇರಲಿ.

ಮಗಳ ವಿಷಯಕ್ಕೆ ಬರುತ್ತೇನೆ. ಮುಂದಿನ ಪತ್ರ ಓದಲು ಅವಳಿಗೆ ಐವತ್ತು ನಿಮಿಷ ಹಿಡಿಯಿತು, ಮಧ್ಯೆ ಒಂದು ಸಲ ಅತ್ತಳು. ಅದರ ಮುಂದಿನದಕ್ಕೆ ಅರ್ಧ ಗಂಟೆ. ಉತ್ತರ ಬರೆದದ್ದು ಪೆನ್ಸಿಲಿನಲ್ಲಿ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕಿಂತ ದೊಡ್ಡದಾಗಿದ್ದವು, ಮಾವಿನ ಉಪ್ಪಿನಕಾಯಿ "ಉಪಿನ್ನಕಾಯಿ" ಆಗಿತ್ತು. ಅಜ್ಜಿ ಅದನ್ನು ತಿದ್ದದೆ, ತನ್ನ ಮರುಪತ್ರದಲ್ಲಿ ಉಪ್ಪಿನಕಾಯಿ ಎಂದು ನಾಲ್ಕು ಕಡೆ ದಪ್ಪಕ್ಷರದಲ್ಲಿ ಬರೆದಿದ್ದಳು. ಟೀಚರ್ ಬುದ್ಧಿ ಎಂದರೆ ಅದು. ಆ ಪತ್ರದ ಕೊನೆಯಲ್ಲಿ "ಇದನ್ನು ನಿನ್ನ ಅಮ್ಮನಿಗೆ ಹೇಳಬೇಡ" ಎಂದು ಬರೆದು ಕೆಳಗೆ ಇನ್ನೂ ಮೂರು ಸಾಲು ಇತ್ತಂತೆ. ಇತ್ತಂತೆ ಎನ್ನುತ್ತೇನೆ, ಏಕೆಂದರೆ ಈಗ ಪತ್ರದ ಫೋಟೊ ನನ್ನ ಫೋನಿಗೆ ಬರುವುದಿಲ್ಲ. ಮಗಳು ತನ್ನ ಮಾಮನಿಗೆ ಹೇಳಿ ನೇರವಾಗಿ ತನ್ನ ಟ್ಯಾಬ್ಲೆಟ್ಟಿಗೇ ತರಿಸಿಕೊಳ್ಳುತ್ತಿದ್ದಾಳೆ.

ಬರುವ ತಿಂಗಳ ತರಗತಿಗಳಲ್ಲಿ ಅರ್ಕಾವೊತ್ತು ಮತ್ತು ಮೂರು ಅಕ್ಷರ ಕೂಡಿದ ಒತ್ತುಗಳನ್ನು ತೆಗೆದುಕೊಳ್ಳುತ್ತೇವೆ. ಮಕ್ಕಳ ಜೊತೆ ಅಜ್ಜಿಯದೋ ತಾತನದೋ ಕೈಬರಹದ ಒಂದು ಹಾಳೆ ಕಳಿಸಿಕೊಡಿ. ಪತ್ರವೇ ಆಗಬೇಕೆಂದಿಲ್ಲ, ಸಾರಿನಪುಡಿಯ ಅಳತೆ ಬರೆದ ಚೀಟಿಯಾದರೂ ಸರಿ. ಫೋಟೊ ಆದರೆ ಅಕ್ಷರ ಮಸುಕಾಗದಂತೆ ಬೆಳಕಿನಲ್ಲಿ ತೆಗೆಸಿ.